ದುಬೈಗೆ ರನ್ನಿಂಗ್ ಟೈಮ್ ಎಷ್ಟು?

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರಕ್ಕೆ ಒಂದೇ ಉತ್ತರ ಇರುತ್ತದೆ ಎಂದು ನಂಬಿದವನು ಉಡುಪಿಯಲ್ಲಿ ಟಿಕೆಟ್ ಮಾರಲು ಕೂರಬಾರದು. ನಾನು ಕೂತೆ. ದಿನಕ್ಕೊಂದು ಹೊಸ ಉತ್ತರ ಬರುತ್ತಿತ್ತು. ಒಂದೂ ನನ್ನದಲ್ಲ.

ನಾನು ಹಾವೇರಿ ಕಡೆಯವನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಾರ್ಕಳದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿದ್ದು, ಆ ತಾತ್ಕಾಲಿಕವೂ ಮುಗಿದ ಮೇಲೆ, ತೊಂಬತ್ತರ ದಶಕದ ಕೊನೆಗೆ ಉಡುಪಿ ಬಸ್ ನಿಲ್ದಾಣದ ಬಳಿಯ ಒಂದು ಟ್ರಾವೆಲ್ ಏಜೆನ್ಸಿ ಸೇರಿದೆ. ಅದರ ಮಾಲಿಕರನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ಮೊದಲ ದಿನ ಅವರು ನನಗೆ ಕೊಟ್ಟ ತರಬೇತಿ ಎರಡೇ ವಾಕ್ಯದ್ದು: “ಕಿಟಕಿ ಬದಿ ಬೇಕಾ, ದಾರಿ ಬದಿ ಬೇಕಾ ಅಂತ ಕೇಳಿ. ಬೇರೆ ಎಂತದೂ ಹೇಳ್ಲಿಕ್ಕೆ ಹೋಗ್ಬೇಡಿ.”

ಎರಡನೆಯ ವಾಕ್ಯವನ್ನು ನಾನು ಪಾಲಿಸಲಿಲ್ಲ. ಓದಿದವನ ಚಟ.

೧. ಅಪ್ ಮತ್ತು ಡೌನ್

ಮಾವ ನಮ್ಮ ಕೌಂಟರಿಗೆ ಮೊದಲ ಸಲ ಬಂದದ್ದು ಆ ವರ್ಷವೇ. ಕಾರ್ಕಳ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದು ನಿವೃತ್ತರಾದವರು. ಯಾವ ಬಸ್ಸು ಯಾವ ನಿಮಿಷಕ್ಕೆ ಹೊರಡಬೇಕು ಎಂದು ಸೀಟಿ ಊದಿ ತೀರ್ಮಾನಿಸುವುದು ಅವರ ಕೆಲಸವಾಗಿತ್ತು. ಸೀಟಿ ಹೋಗಿತ್ತು, ತೀರ್ಮಾನ ಉಳಿದಿತ್ತು. ಬೆಳ್ಮಣ್ಣಿನಲ್ಲಿ ಅವರ ತಂಗಿಯ ಮನೆ. ತಂಗಿಯ ಮಗ ದುಬೈಯಲ್ಲಿ ಎ.ಸಿ. ಮೆಕ್ಯಾನಿಕ್. ಈ ಊರಲ್ಲಿ ಸೋದರಮಾವ ಎಂದರೆ ಮನೆಯ ಹೈಕೋರ್ಟು. ರಜೆ ಮುಗಿಸಿ ಅಳಿಯ ಯಾವ ದಿನ ಹೊರಡಬೇಕೆಂದು ಕಂಪೆನಿ ಹೇಳುತ್ತಿತ್ತು, ಮಾವ ನಿರ್ಧರಿಸುತ್ತಿದ್ದರು.

ಅಳಿಯ ಮಾವ ಎನ್ನುತ್ತಿದ್ದ, ಧಣಿಯೂ ಮಾವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕಾಲೇಜಿನಿಂದ ಬಂದವನೆಂದು ತಿಳಿದು ಅವರು ನನ್ನನ್ನು ಮಾಷ್ಟ್ರೇ ಎಂದರು. ನನ್ನ ಸಲುವಾಗಿ ತುಳು ಬಿಟ್ಟು ಕನ್ನಡದಲ್ಲಿ ಜಗಳ ಆಡುವಷ್ಟು ಸೌಜನ್ಯ ಅವರಲ್ಲಿತ್ತು.

ಆಗ ಇಲ್ಲಿಯವರೆಲ್ಲ ಬಸ್ಸಿನಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ಹಾರುತ್ತಿದ್ದರು. ಮಾವ ಅಳಿಯನ ಟಿಕೆಟನ್ನು ಕಣ್ಣಿನ ಹತ್ತಿರ ಹಿಡಿದರು.

“ಮಾಷ್ಟ್ರೇ, ಇದೆಂತ? ಹೋಗುವಾಗ ಒಂದೂವರೆ ಗಂಟೆ, ಬರುವಾಗ ನಾಲ್ಕೂವರೆ? ಅದೇ ರೂಟು, ಅದೇ ಗಾಡಿ.”

“ಹೊರಡುವ ಹೊತ್ತು ಇಲ್ಲಿಯ ಗಡಿಯಾರದ್ದು, ತಲುಪುವ ಹೊತ್ತು ಅಲ್ಲಿಯ ಗಡಿಯಾರದ್ದು, ಮಾವ. ನಿಜವಾಗಿ ಎರಡೂ ಕಡೆಗೆ ಮೂರು ಗಂಟೆಯೇ.”

“ಎರಡು ಗಡಿಯಾರ ಇಟ್ಟರೆ ಲೈನ್ ನಡೀತದಾ ಮಾರಾಯ್ರೆ? ಕಾರ್ಕಳ-ಉಡುಪಿ ಅಪ್ಪಿಗೂ ಡೌನಿಗೂ ರನ್ನಿಂಗ್ ಟೈಮ್ ಒಂದೇ. ಚೂರು ಆಚೀಚೆ ಆದ್ರೆ ಹಿಂದಿನ ಬಸ್ಸಿನವ ಬಂದು ಕಾಲರ್ ಹಿಡೀತಾನೆ.”

ಪಕ್ಕದ ಅಂಗಡಿಯಿಂದ ಒಂದು ಮೂಸಂಬಿ ತರಿಸಿದೆ. ಧಣಿಯ ಟಾರ್ಚು ತೆಗೆದುಕೊಂಡೆ. ಮೂಸಂಬಿ ಭೂಮಿ, ಟಾರ್ಚು ಸೂರ್ಯ. ಮುಂಬೈಯಲ್ಲಿ ಪೆನ್ನಿನ ಒಂದು ಚುಕ್ಕೆ, ದುಬೈಯಲ್ಲಿ ಒಂದು ಚುಕ್ಕೆ. ಇಲ್ಲಿ ಮೊದಲು ಬೆಳಗಾಗುತ್ತದೆ, ಅಲ್ಲಿ ಒಂದೂವರೆ ಗಂಟೆ ತಡವಾಗಿ. ಅಳಿಯ ನಾಚಿಕೆಯಿಂದ ಹೊರಗೆ ಹೋಗಿ ನಿಂತ. ಮಾವ ಮಾತ್ರ ಮೂಸಂಬಿಯನ್ನು ತಾವೇ ತಿರುಗಿಸಿ ತಿರುಗಿಸಿ ನೋಡಿದರು. ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನ ಪಾಠವನ್ನು ಇಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

ಕೊನೆಗೆ ಎದ್ದು ನಿಂತು ನನ್ನ ಭುಜ ತಟ್ಟಿದರು.

“ಅರ್ಥ ಆಯ್ತು ಮಾಷ್ಟ್ರೇ. ಬರುವಾಗ ಲಗೇಜು ಜಾಸ್ತಿ, ಅಲ್ವಾ?”

೨. ಗೋಳ

ಮೂಸಂಬಿಯ ಮೇಲೆ ತಪ್ಪು ಹೊರಿಸಿ, ಸ್ವಂತ ದುಡ್ಡಿನಲ್ಲಿ ಒಂದು ಗ್ಲೋಬ್ ತಂದು ಕೌಂಟರಿನ ಮೇಲೆ ಇಟ್ಟೆ. “ಇದೆಂತ, ಶಾಲೆಯಾ?” ಎಂದು ಧಣಿ ಮುಖ ಸಿಂಡರಿಸಿದರು. ಆದರೂ ಆಯುಧ ಪೂಜೆಯ ದಿನ ಕಂಪ್ಯೂಟರಿಗೆ, ಟೆಲಿಫೋನಿಗೆ ಗಂಧ ಕುಂಕುಮ ಹಚ್ಚುತ್ತ ಬಂದವರು ಗ್ಲೋಬನ್ನೂ ಬಿಡಲಿಲ್ಲ. ಬೊಟ್ಟು ಸರಿಯಾಗಿ ಕೊಲ್ಲಿಯ ಮೇಲೆ ಬಿತ್ತು. ಅಂದಿನಿಂದ ದುಬೈ ಕುಂಕುಮದ ಅಡಿಯಲ್ಲಿ. ಒರೆಸಲು ಹೋದೆ. “ಇರಲಿ ಮಾರಾಯ್ರೆ, ನಮ್ಮ ವ್ಯಾಪಾರ ಇರುವುದೇ ಅಲ್ಲಿ” ಎಂದರು.

ಆ ಗ್ಲೋಬ್ ಪಾಠದ ಕೆಲಸಕ್ಕೆ ಬಂದದ್ದು ಒಂದೇ ಸಲ. ಮಣಿಪಾಲದಿಂದ ಒಬ್ಬ ಪ್ರೊಫೆಸರು ಬಂದರು. ಎಂಜಿನಿಯರಿಂಗ್ ಹುಡುಗರಿಗೆ ಡ್ರಾಯಿಂಗ್ ಕಲಿಸುವವರು. ಶಿಕಾಗೋದಲ್ಲಿ ಏನೋ ಸಮ್ಮೇಳನ. ಮಾವ ಆ ಹೊತ್ತಿಗೆ ಅಳಿಯನ ತಾರೀಕು ಬದಲಿಸಲು ಬಂದು ಬೆಂಚಿನಲ್ಲಿ ಕೂತಿದ್ದರು. ನನಗೆ ಒಳಗೊಳಗೇ ಖುಷಿ. ಓದಿದವರೊಡನೆ ಮಾತು ಹೇಗಿರುತ್ತದೆಂದು ಮಾವನೂ ನೋಡಲಿ.

ಪ್ರೊಫೆಸರು ವಿಮಾನದ ದಾರಿ ತೋರಿಸುವ ಒಂದು ನಕ್ಷೆ ತಂದಿದ್ದರು. ಜರ್ಮನಿಯಿಂದ ಹೊರಟ ಗೆರೆ ಬಿಲ್ಲಿನ ಹಾಗೆ ಮೇಲೆ ಬಾಗಿ, ಗ್ರೀನ್‌ಲ್ಯಾಂಡಿನ ಹಿಮ ಮುಟ್ಟಿ, ಮತ್ತೆ ಕೆಳಗಿಳಿದಿತ್ತು.

“ಇಷ್ಟು ಸುತ್ತು ಯಾಕೆ? ನೇರ ಹೋಗ್ಲಿಕ್ಕೆ ಆಗುದಿಲ್ವಾ? ಗುರುತಿಲ್ಲದವರು ಸಿಕ್ಕಿದರೆ ರಿಕ್ಷಾದವರು ಮಾಡುವ ಹಾಗೆ ಉಂಟಲ್ಲ ಇದು!”

“ಸಾರ್, ನೇರ ದಾರಿಯೇ ಅದು. ಚಪ್ಪಟೆ ಕಾಗದದ ಮೇಲೆ ಬಾಗಿದಂತೆ ಕಾಣುತ್ತದೆ.” ಒಂದು ದಾರ ತೆಗೆದು ಗ್ಲೋಬಿನ ಮೇಲೆ ಎರಡೂ ಊರಿಗೆ ಬಿಗಿಯಾಗಿ ಎಳೆದು ಹಿಡಿದೆ. ದಾರ ತಾನಾಗಿ ಸರಿದು ಉತ್ತರಕ್ಕೆ ಹೋಗಿ ಕೂತಿತು. ಮಾವನೂ ಎದ್ದು ಬಂದು ಬಗ್ಗಿದರು.

ಪ್ರೊಫೆಸರು ಕನ್ನಡಕ ಹಣೆಗೇರಿಸಿ ನೋಡಿದರು. ಸ್ವತಃ ದಾರ ಹಿಡಿದು ಇನ್ನೊಮ್ಮೆ ಎಳೆದರು. ಆಮೇಲೆ ನಿಟ್ಟುಸಿರು ಬಿಟ್ಟರು.

“ನೀವು ಹೇಳುವುದು ಸರಿ. ಆದರೆ ಇದು ಗ್ಲೋಬಿನ ಮೇಲಿನ ಮಾತು. ನಾನು ಹೋಗುವುದು ಭೂಮಿಯ ಮೇಲೆ.”

“ಅದು ಪಾಯಿಂಟು!” ಎಂದರು ಮಾವ.

೩. ಅಲ್ಲಿ ಹೋಗಿ ಕಾಯುವುದು

ಕೆಲವು ವರ್ಷಗಳ ನಂತರ ಇಲ್ಲೇ ಹತ್ತಿರದ ಬಜಪೆ ವಿಮಾನ ನಿಲ್ದಾಣದಿಂದಲೇ ದುಬೈಗೆ ನೇರ ವಿಮಾನ ಶುರುವಾಯಿತು. ಸುಮಾರು ಎರಡೂವರೆ ಸಾವಿರ ಕಿಲೋಮೀಟರ್, ಮೂರೂವರೆ ಗಂಟೆ. ಬಸ್ಸಿನಲ್ಲಿ ಮುಂಬೈಯವರೆಗೆ ಬೆನ್ನು ಮುರಿದುಕೊಳ್ಳುವ ಕಷ್ಟ ತಪ್ಪಿತು. ಊರಿಗೆ ಊರೇ ಖುಷಿಪಟ್ಟಿತು, ಮಾವನ ಹೊರತು.

“ಮೊದಲಾದರೆ ಬಸ್ಸು ಒಳ್ಳೆ ಗಳಿಗೆಯಲ್ಲಿ ಬಿಟ್ಟರೆ ಸಾಕಿತ್ತು. ಮುಂದೆ ಮುಂಬೈಯಲ್ಲಿ ವಿಮಾನ ಯಾವಾಗ ಹಾರಿದ್ರೂ ಅದು ಬಸ್ಸಿನದ್ದೇ ಮುಂದರಿಕೆ. ಈಗ ಹಾಗಲ್ಲ. ಈಗ ವಿಮಾನದ ಚಕ್ರ ನೆಲ ಬಿಡುವ ಹೊತ್ತೇ ಹೊತ್ತು.”

“ಮನೆಯಿಂದ ಹೊರಡುವ ಹೊತ್ತು?”

“ಬೆಳ್ಮಣ್ಣಿನಿಂದ ಬಜಪೆಗೆ ಹೋಗುವುದನ್ನೆಲ್ಲ ಯಾರಾದ್ರೂ ಪ್ರಯಾಣ ಅಂತಾರಾ?”

ಹಾಗೆ ಶುರುವಾಯಿತು ರಾಹುಕಾಲ. ಆ ವಾರ ರಾಹುಕಾಲ ತಪ್ಪಿಸಲು ಒಮ್ಮೆ, ಮರುವಾರ ಇನ್ನೊಮ್ಮೆ, ಹೀಗೆ ಒಂದೇ ಟಿಕೆಟನ್ನು ಬದಲಿಸಿ ಬದಲಿಸಿ ನನಗೆ ಸಾಕಾಯಿತು. ಒಂದು ದಿನ ತರ್ಕಕ್ಕೇ ಕೈಹಾಕಿದೆ.

“ಮಾವ, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಹೌದಾ?”

“ಹೌದು. ನಿಮ್ಮ ಘಟ್ಟದ ಮೇಲೆ ಬೇರೆ ಉಂಟಾ?”

“ಇಲ್ಲಿ ಹನ್ನೆರಡು ಹೊಡೆಯುವಾಗ ದುಬೈಯಲ್ಲಿ ಎಷ್ಟು? ಹತ್ತೂವರೆ. ಅಂದರೆ ಇಲ್ಲಿ ರಾಹುಕಾಲ ಮುಗಿಯುವ ಕ್ಷಣಕ್ಕೆ ಸರಿಯಾಗಿ ಅಲ್ಲಿ ಶುರು. ಇಲ್ಲಿಂದ ಅಲ್ಲಿಗೆ ಹಾರುವವನಿಗೆ ಯಾವುದು ಸತ್ಯ?”

ಹೀಗೆ ಒಂದು ನಂಬಿಕೆಯನ್ನು ಅದರದೇ ಬಾಲಕ್ಕೆ ಕಟ್ಟಿ ತೋರಿಸಿದರೆ ನಂಬಿದವನು ಬಾಯಿ ಮುಚ್ಚುತ್ತಾನೆ ಎಂದು ನಾನು ಓದಿದ್ದೆ. ಮಾವ ಬಾಯಿ ಮುಚ್ಚಿದರು ನಿಜ. ಧಣಿಯ ಹತ್ತಿರ ನೀರು ಕೇಳಿ ಕುಡಿದರು. ಕೊನೆಗೂ ಗೆದ್ದೆ ಅಂದುಕೊಂಡೆ.

“ಅಂದರೆ ಇಲ್ಲಿ ತಪ್ಪಿಸಿಕೊಂಡರೂ ಅದು ಅಲ್ಲಿ ಹೋಗಿ ಕಾಯ್ತದೆ” ಎಂದರು ಮೆಲ್ಲನೆ. “ಇಷ್ಟು ವರ್ಷ ಆದ್ರೂ ಹುಡುಗನಿಗೆ ಪ್ರಮೋಷನ್ ಯಾಕೆ ಆಗ್ಲಿಲ್ಲ ಅಂತ ಈಗ ಗೊತ್ತಾಯ್ತು. ಇದನ್ನು ನೀವು ಮೊದಲೇ ಹೇಳ್ಬಾರದಾ ಮಾಷ್ಟ್ರೇ?”

೪. ಯಾವುದಿಲ್ಲದೆ ಹೋಗಲಾಗದೋ ಅದು

ಇದಾದ ಮೇಲಿನ ರಜೆಯಲ್ಲಿ ಅಳಿಯ ಊರಿಗೆ ಬಂದವನು ಕಾಮಾಲೆ ಹಿಡಿದು ಮಲಗಿದ. ಒಂದು ತಿಂಗಳ ರಜೆ ತಿಂಗಳುಗಟ್ಟಲೆ ಎಳೆಯಿತು. ಕಂಪೆನಿಯವರು ದೊಡ್ಡ ಮನಸ್ಸು ಮಾಡಿ ಕೆಲಸ ಉಳಿಸಿಕೊಂಡಿದ್ದರು. ಆದರೆ ಅಲ್ಲಿಯ ಕಾನೂನಿಗೆ ಮನಸ್ಸು ಇರುವುದಿಲ್ಲ: ಆರು ತಿಂಗಳು ದೇಶದ ಹೊರಗೆ ಉಳಿದರೆ ವೀಸಾ ರದ್ದು. ಆರು ತಿಂಗಳು ತುಂಬುವುದು ಒಂದು ಶುಕ್ರವಾರಕ್ಕೆ. ಅಷ್ಟರೊಳಗೆ ಅವನು ಅಲ್ಲಿ ಕಾಲಿಡಬೇಕು.

“ಈ ವೀಸಾ ಹೋದ್ರೆ ಈ ಪ್ರಾಯದಲ್ಲಿ ನನಗೆ ಇನ್ನೊಂದು ಯಾರೂ ಕೊಡುದಿಲ್ಲ ಮಾಷ್ಟ್ರೇ” ಎಂದ ಅಳಿಯ. ಕಣ್ಣು ಇನ್ನೂ ಸ್ವಲ್ಪ ಹಳದಿ ಇತ್ತು, ಮುಂಬೈಯವರೆಗೆ ಬಸ್ಸಿನಲ್ಲಿ ಕೂರುವ ಸ್ಥಿತಿಯಲ್ಲಿರಲಿಲ್ಲ.

ಆ ವಾರ ವಿಮಾನ ಇದ್ದದ್ದು ಮೂರು ದಿನ, ಮೂರೂ ಬೆಳಿಗ್ಗೆ ಹನ್ನೊಂದಕ್ಕೆ. ಸೋಮವಾರ ಅಮಾವಾಸ್ಯೆ, ಮಾವ ಬೇಡವೆಂದು ತಲೆಯಾಡಿಸಿಬಿಟ್ಟರು. ಬುಧವಾರದ್ದಕ್ಕೆ ಅವರು ನನ್ನ ಲೆಕ್ಕವನ್ನೇ ನನಗೆ ಒಪ್ಪಿಸಿದರು. ಹನ್ನೆರಡರಿಂದ ಒಂದೂವರೆ ಇಲ್ಲಿಯ ರಾಹುಕಾಲ, ಆಗ ವಿಮಾನ ನಡು ಸಮುದ್ರದ ಮೇಲೆ. ಇಳಿಯುವುದು ಅಲ್ಲಿಯ ಒಂದು ಗಂಟೆಗೆ, ಅಂದರೆ ಅಲ್ಲಿಯ ರಾಹುಕಾಲದ ಒಳಗೇ. “ಎರಡು ಊರಿನದ್ದೂ ಒಬ್ಬನ ತಲೆಗೆ!” ಲೆಕ್ಕದಲ್ಲಿ ತಪ್ಪಿರಲಿಲ್ಲ. ನನ್ನ ಶಿಷ್ಯರಲ್ಲಿ ಪಾಠವನ್ನು ಬಳಕೆಗೆ ತಂದವರು ಇವರೊಬ್ಬರೇ.

ಉಳಿದದ್ದು ಶುಕ್ರವಾರ. ಹನ್ನೊಂದು ಗಂಟೆ ಎಂದರೆ ರಾಹುಕಾಲದ ಹೊಟ್ಟೆಯೊಳಗೆ.

“ನೀನು ಹೊರಟುಬಿಡು” ಎಂದೆ ಅಳಿಯನಿಗೆ. ಅವನು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದ. ಸುಡುವ ಮರುಭೂಮಿಯಲ್ಲಿ ಹತ್ತು ಮಾಳಿಗೆಯ ಗೋಡೆಗೆ ಜೋತುಬಿದ್ದು ಎ.ಸಿ. ಬಿಚ್ಚುವ ಮನುಷ್ಯ. ಮಾವನ ಕಾಲು ಮುಟ್ಟದೆ ಅಂಗಳ ದಾಟುವ ಧೈರ್ಯ ಮಾತ್ರ ಅವನಿಗಿರಲಿಲ್ಲ.

ದಾರಿ ಹುಡುಕಿದ್ದು ಧಣಿ. “ಪ್ರಸ್ಥಾನ ಇಟ್ಟರೆ ಆಯ್ತಲ್ಲ ಮಾವ?” ಪ್ರಸ್ಥಾನ ಎಂದರೆ, ಒಳ್ಳೆಯ ಗಳಿಗೆ ನೋಡಿ ಪ್ರಯಾಣಿಕನ ಒಂದು ವಸ್ತುವನ್ನು ಅವನು ಹೋಗುವ ದಿಕ್ಕಿನಲ್ಲಿರುವ ಬೇರೆ ಮನೆಯಲ್ಲಿ ಇಟ್ಟು ಬರುವುದು. ವಸ್ತು ಹೊರಟರೆ ಪ್ರಯಾಣ ಹೊರಟಂತೆ. ಆಮೇಲೆ ಮನುಷ್ಯ ಯಾವಾಗ ಹೊರಟರೂ ದೋಷವಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ನಾನು ಒಂದು ಮೂಢನಂಬಿಕೆಯನ್ನು ಎರಡೂ ಕೈಯೆತ್ತಿ ಬೆಂಬಲಿಸಿದೆ.

ಮಾವ ಯೋಚಿಸಿದರು. “ದುಬೈ ಯಾವ ದಿಕ್ಕು?”

ಗ್ಲೋಬಿನ ಕುಂಕುಮ ನೋಡಿ “ವಾಯವ್ಯ” ಎಂದೆ.

ಬೆಳ್ಮಣ್ಣಿನಿಂದ ವಾಯವ್ಯಕ್ಕೆ ಕಾಪು. ಅಲ್ಲಿ ದೀಪಸ್ತಂಭದ ಹತ್ತಿರ ಅಳಿಯನ ಅಕ್ಕನ ಮನೆ. ಗುರುವಾರ ಬೆಳಿಗ್ಗೆ ಇಡುವುದೆಂದಾಯಿತು. ಸಾಮಾನ್ಯವಾಗಿ ಅಕ್ಕಿಯೋ ತೆಂಗಿನಕಾಯಿಯೋ ಒಂದು ಪಂಚೆಯೋ ಇಡುತ್ತಾರಂತೆ.

“ಪಂಚೆ ಇಲ್ಲದೆ ಇವ ದುಬೈಗೆ ಹೋಗಬಹುದಾ?” ಎಂದು ಮಾವ ನನ್ನನ್ನೇ ಕೇಳಿದರು.

“ಹೋಗಬಹುದು.”

“ತೆಂಗಿನಕಾಯಿ ಇಲ್ಲದೆ?”

“ಧಾರಾಳವಾಗಿ.”

“ಹಾಗಾದರೆ ಅದನ್ನೆಲ್ಲ ಇಟ್ಟು ಪ್ರಯೋಜನ ಇಲ್ಲ. ಯಾವುದಿಲ್ಲದೆ ಹೋಗ್ಲಿಕ್ಕೆ ಆಗುದಿಲ್ವೋ ಅದನ್ನು ಇಡ್ಬೇಕು. ಪಾಸ್‌ಪೋರ್ಟ್!”

ಈ ತರ್ಕದಲ್ಲಿ ದೋಷ ಹುಡುಕಿದೆ. ಸಿಗಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

೫. ಹಂಚು

ಶುಕ್ರವಾರ ಬೆಳಿಗ್ಗೆ ಏಜೆನ್ಸಿಯ ಶಟರ್ ಎತ್ತುವಾಗಲೇ ನನ್ನ ಮೊಬೈಲು ಬಡಿದುಕೊಂಡಿತು. ಬಜಪೆಯಿಂದ ಅಳಿಯ.

ಆದದ್ದು ಇಷ್ಟು. ಬರುವಾಗ ಅಕ್ಕ ಪಾಸ್‌ಪೋರ್ಟ್ ತರುತ್ತಾಳೆಂದು ಅಳಿಯ ಬೆಳ್ಮಣ್ಣಿನಿಂದ ನೇರ ಬಜಪೆಗೆ ಹೋಗಿದ್ದ. ಪ್ರಸ್ಥಾನ ಇಟ್ಟದ್ದನ್ನು ಹೋಗುವವನೇ ಬಂದು ಎತ್ತಬೇಕೆಂದು ಅಕ್ಕ ಅದನ್ನು ಮುಟ್ಟಿರಲಿಲ್ಲ. ತಾನಿಲ್ಲದಾಗ ತಮ್ಮನೇ ಬೇಗ ಬಂದು ಕೊಂಡುಹೋಗಿರಬೇಕು ಎಂದುಕೊಂಡು, ಅದನ್ನಿಟ್ಟಿದ್ದ ದೇವರ ಕೋಣೆಗೆ ಇಣುಕದೆ, ಮನೆಗೆ ಬೀಗ ಹಾಕಿ, ಬೀಳ್ಕೊಡಲು ಗಂಡನನ್ನೂ ಮಕ್ಕಳನ್ನೂ ಕಟ್ಟಿಕೊಂಡು ಅವಳೂ ಬಜಪೆಗೆ ಬಂದಿದ್ದಳು. ಅಕ್ಕ ತಮ್ಮ ವಿಮಾನ ನಿಲ್ದಾಣದ ಬಾಗಿಲಲ್ಲಿ ಎದುರಾದರು. “ಎಲ್ಲಿ?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಬೀಗದ ಕೈ ಬಜಪೆಯಲ್ಲಿ, ಪಾಸ್‌ಪೋರ್ಟ್ ಕಾಪುವಿನಲ್ಲಿ. ಅಲ್ಲಿಂದ ಹೋಗಿ ಬರುವಷ್ಟು ಹೊತ್ತಿಲ್ಲ. ಕಾಪುವಿಗೆ ಹತ್ತಿರ ಇದ್ದವನು ನಾನೊಬ್ಬ.

ಅಕ್ಕ ಫೋನು ಕಿತ್ತುಕೊಂಡಳು. “ಬಾಗಿಲು ಒಡೀಬೇಡಿ ಮಾಷ್ಟ್ರೇ, ಹೊಸ ಬಾಗಿಲು. ಹಿಂದೆ ಏಣಿ ಉಂಟು. ಮಾಡಿಗೆ ಹತ್ತಿ ನಾಲ್ಕು ಹಂಚು ತೆಗೆದ್ರೆ ಸೀದಾ ದೇವರ ಕೋಣೆಗೇ ಇಳೀಬಹುದು. ಹಂಚು ಒಡೀಬಾರದು ಮತ್ತೆ!”

ಟ್ಯಾಕ್ಸಿ ಹಿಡಿದು ಓಡಿದೆ. ಎಂ.ಎಸ್ಸಿ. ಪ್ರಥಮ ದರ್ಜೆ, ಕಾಪುವಿನಲ್ಲಿ ಗುರುತಿಲ್ಲದವರ ಮಾಡಿನ ಮೇಲೆ ಬೆಕ್ಕಿನಂತೆ ಕೂತು ಎರಡನೆಯ ಹಂಚು ಎತ್ತುತ್ತಿದ್ದಾಗ ಕೆಳಗಿನಿಂದ ಕೂಗು ಬಂತು. ಪಕ್ಕದ ಮನೆಯ ಅಜ್ಜಿ, ಕೈಯಲ್ಲಿ ಕತ್ತಿ. ಮೊದಲು ತುಳುವಿನಲ್ಲಿ ಬೈದರು. ನನಗೆ ಅರ್ಥವಾಗಲಿಲ್ಲವೆಂದು ತಿಳಿದು ಕನ್ನಡದಲ್ಲಿ ಬೈದರು.

“ಅಮ್ಮಾ, ನಾನು ಟ್ರಾವೆಲ್ ಏಜೆನ್ಸಿಯವನು.”

“ಏಜೆನ್ಸಿಯವರು ಈಗ ಮಾಡಿನಲ್ಲಿ ಬರ್ತಾರಾ?”

ಹಂಚು ಹಿಡಿದುಕೊಂಡೇ ವಿವರಿಸಿದೆ. ಪ್ರಸ್ಥಾನ, ವಾಯವ್ಯ, ಪಾಸ್‌ಪೋರ್ಟ್, ಬಜಪೆ. ಅಜ್ಜಿಗೆ ಒಂದೇ ಉಸಿರಿಗೆ ಎಲ್ಲ ಅರ್ಥವಾಯಿತು. ನನ್ನ ವೃತ್ತಿಜೀವನದಲ್ಲಿ ನಾನು ಹೇಳಿದ್ದು ಇಷ್ಟು ಬೇಗ ಯಾರಿಗೂ ತಲುಪಿರಲಿಲ್ಲ. ಆದರೂ ಕತ್ತಿ ಕೆಳಗಿಳಿಯಲಿಲ್ಲ.

“ನೀವು ಇಳಿಯುವುದು ದೇವರ ಕೋಣೆಗಾ?”

“ಹೌದಮ್ಮ.”

“ಕಳ್ಳನೋ ಅಲ್ವೋ ಮತ್ತೆ ನೋಡುವ. ಮೊದಲು ಹೇಳಿ, ಸ್ನಾನ ಆಗಿದ್ಯಾ?”

೬. ಅಲ್ಲಿ ಎಷ್ಟು ಗಂಟೆ?

ಬಜಪೆಯ ಗುಡ್ಡ ಹತ್ತುವಾಗಲೇ ವಿಮಾನದ ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತು ದಾಟಿಹೋಗಿತ್ತು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯ ಮೇಲೆ ಅಳಿಯ ತಲೆಗೆ ಕೈಹೊತ್ತು ಕೂತಿದ್ದ. ಅವನ ತಾಯಿ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಮಾವ ಮಾತ್ರ ಬಾಗಿಲ ಬಳಿ ನೆಟ್ಟಗೆ ನಿಂತಿದ್ದರು, ಬಸ್ಸು ಕಾಯುವ ಟೈಮ್‌ಕೀಪರ್ ಥರ.

“ಗಡಿಬಿಡಿ ಇಲ್ಲ ಮಾಷ್ಟ್ರೇ. ಗಾಡಿ ಇನ್ನೂ ಬಂದೇ ಇಲ್ಲ.”

ದುಬೈಯಿಂದ ಬರಬೇಕಾದ ವಿಮಾನವೇ ತಡ. ಕೌಂಟರ್ ತೆರೆದೇ ಇತ್ತು. ಅಳಿಯ ಮಾವನ ಕಾಲು ಮುಟ್ಟಿ, ತಾಯಿಯ ಕಾಲು ಮುಟ್ಟಿ, ಗಡಿಬಿಡಿಯಲ್ಲಿ ನನ್ನ ಕಾಲನ್ನೂ ಮುಟ್ಟಿ ಒಳಗೆ ಓಡಿದ. ಬಾಗಿಲಲ್ಲಿ ನಿಂತ ಅಧಿಕಾರಿ ಪಾಸ್‌ಪೋರ್ಟ್ ಬಿಡಿಸಿದಾಗ ಕುಂಕುಮ ಹತ್ತಿದ ಅಕ್ಕಿಕಾಳು ಉದುರಿದವು. ಅವನು ಏನೂ ಕೇಳಲಿಲ್ಲ. ಈ ಊರಿನಲ್ಲಿ ಹಳಬನಿರಬೇಕು.

ನಾವೆಲ್ಲ ಹೊರಗೆ ಬೇಲಿಯ ಹತ್ತಿರ ನಿಂತೆವು. ಕೊನೆಗೂ ಗುಡುಗಿದ ಸದ್ದಾಯಿತು. ವಿಮಾನ ನೆಲ ಬಿಟ್ಟಾಗ ಮಾವ ಕೈಗಡಿಯಾರ ನೋಡಿಕೊಂಡರು.

“ಸರಿ ಹನ್ನೆರಡು! ರಾಹುಕಾಲ ಖಲಾಸ್!”

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಾಯಿ ಆಕಾಶಕ್ಕೆ ಕೈಮುಗಿದರು. ಮಾವ ಸುತ್ತ ನಿಂತ ಅಪರಿಚಿತರಿಗೂ ಕೇಳುವಂತೆ ಹೇಳಿದರು, “ನೋಡಿದ್ರಾ ಪ್ರಸ್ಥಾನದ ಶಕ್ತಿ? ವಿಮಾನವನ್ನೇ ಹಿಡಿದು ನಿಲ್ಲಿಸಿತು. ನನ್ನ ಸರ್ವಿಸಿನಲ್ಲೇ ಇಷ್ಟು ಕರೆಕ್ಟ್ ಟೈಮಿಗೆ ಯಾವ ಗಾಡಿಯೂ ಬಿಟ್ಟಿಲ್ಲ.”

ಹೇಳುತ್ತ ಹೇಳುತ್ತ ಅವರ ಮುಖದ ಬೆಳಕು ಆರಿತು. ಹನ್ನೆರಡು ಎಂಬ ಅಂಕಿ ತಲೆಯೊಳಗೆ ಎಲ್ಲೋ ಹಳೆಯ ಪಾಠಕ್ಕೆ ತಗಲಿರಬೇಕು. ನಿಧಾನವಾಗಿ ನನ್ನ ಕಡೆ ತಿರುಗಿದರು.

“ಮಾಷ್ಟ್ರೇ, ಈಗ ಅಲ್ಲಿ ಎಷ್ಟು ಗಂಟೆ?”

ಇಡೀ ಕುಟುಂಬ ನನ್ನನ್ನು ನೋಡಿತು. ತಾಯಿಯ ಮುಗಿದ ಕೈ ಹಾಗೇ ಇತ್ತು.

ಅಲ್ಲಿ ಆಗ ಹತ್ತೂವರೆ. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಅದನ್ನು ಹೇಳಿದರೆ ಏನಾಗುತ್ತದೆಂದೂ ನನಗೆ ಗೊತ್ತಿತ್ತು. ಇಳಿದ ಕೂಡಲೇ ಫೋನ್ ಮಾಡಿ “ಹೊರಗೆ ಕಾಲಿಡಬೇಡ, ವಾಪಸು ಬಾ” ಎನ್ನಲು ಈ ಮಾವ ಹಿಂಜರಿಯುವವರಲ್ಲ. ಬಾ ಎಂದರೆ ಬರಲು ಆ ಅಳಿಯನೂ ಹಿಂಜರಿಯುವವನಲ್ಲ. ಓದಿದ್ದನ್ನೆಲ್ಲ ಒಮ್ಮೆ ನೆನೆದೆ. ಮೂಸಂಬಿ, ಟಾರ್ಚು, ದಾರ, ಗ್ಲೋಬು. ಎಲ್ಲವನ್ನೂ ಬಜಪೆಯ ಗುಡ್ಡದಿಂದ ಕೆಳಗೆ ತಳ್ಳಿದೆ.

“ಅಲ್ಲೂ ಹನ್ನೆರಡೇ, ಮಾವ.”

“ಹನ್ನೆರಡೇ?”

“ಇರುವುದು ಒಂದೇ ಭೂಮಿ. ಇಲ್ಲಿ ಎಷ್ಟೋ ಅಲ್ಲೂ ಅಷ್ಟೇ. ಆವತ್ತು ನಾನು ಹೇಳಿದ್ದು ತಪ್ಪು.”

ತಾಯಿ ಉಸಿರು ಬಿಟ್ಟರು. ಮಾವ ಬಿಡಲಿಲ್ಲ. ಹುಬ್ಬು ಗಂಟಿಕ್ಕಿ, ತುಟಿ ಅಲ್ಲಾಡಿಸುತ್ತ, ಅಪ್ಪು ಡೌನು ಎರಡನ್ನೂ ಕೂಡಿಸಿ ಕಳೆದು ಬಹಳ ಹೊತ್ತು ನಿಂತರು. ವಿಮಾನ ಚುಕ್ಕೆಯಾಗಿ ಮಾಯವಾಯಿತು. ಆಮೇಲೆ ಅವರ ಮುಖದ ತುಂಬ ನಗು ಹರಡಿತು.

“ಹಾಗಾದರೆ ಬರುವಾಗ ಹೊತ್ತಾಗುವುದು ಲಗೇಜಿನಿಂದಲೇ! ನಾನು ಮೊದಲ ದಿನವೇ ಹೇಳಿದ್ದೆ. ನೀವು ಸುಮ್ಮನೆ ಒಂದು ಮೂಸಂಬಿ ಹಾಳು ಮಾಡಿದಿರಿ.”